ಸೆಟಲ್‌ಮೆಂಟ್ ಇಲ್ಲದೆ ಮೂರು ಕಾರ್ಡಿನ ಸಾಲ ತೀರಿಸಿದ ನನ್ನ ಅನುಭವ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಸಣ್ಣ ಘಟಕ ನಡೆಸುವವರಿಗೆ ಬಟ್ಟೆಯ ದುಡ್ಡನ್ನು ಇಂದೇ ಎಣಿಸಬೇಕು, ಹೊಲಿದ ಮಾಲಿನ ದುಡ್ಡು ಮಾತ್ರ ಒಂದೂವರೆ ಎರಡು ತಿಂಗಳ ಮೇಲೆ ಬರುತ್ತದೆ. ಆ ನಡುವಿನ ಅವಧಿಯನ್ನು ಕ್ರೆಡಿಟ್ ಕಾರ್ಡುಗಳ ಮೇಲೆ ದೂಡಿದ್ದರಿಂದ ಮೂರು ಕಾರ್ಡು ಸೇರಿ ಸುಮಾರು 4.2 ಲಕ್ಷ ಬಾಕಿ ನಿಂತಿತ್ತು. ತಿಂಗಳಿಗೆ ಶೇ 3.5 ಬಡ್ಡಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ; ಶೇ 5ರಂತೆ 21,000 ಮಿನಿಮಮ್ ಕಟ್ಟಿದರೂ ಅಸಲಿಗೆ ಸಲ್ಲುತ್ತಿದ್ದುದು ನಾಲ್ಕು ಸಾವಿರಕ್ಕಿಂತ ಕಡಿಮೆ.

ಸಲಹೆಗಾರರು ಬ್ಯಾಂಕುಗಳ ಜೊತೆ ಮಾತಾಡಿ ಬಡ್ಡಿ ಇಳಿಸಿ, ಪೂರ್ತಿ ಸಾಲವನ್ನು ಕಂತುಗಳಲ್ಲಿ ತೀರಿಸಲು ನೆರವಾಗುವ ಸಾಲ ನಿರ್ವಹಣಾ ಕಾರ್ಯಕ್ರಮಕ್ಕೆ ನಾನು ಸೇರಿದಾಗ ನಮ್ಮ ಭಾವ ನಕ್ಕರು. ಅದು ಸಂಬಳದವರಿಗೆ ಹೇಳಿ ಮಾಡಿಸಿದ್ದು, ಅರ್ಧ ದುಡ್ಡು ಕೊಟ್ಟು ಸೆಟಲ್‌ಮೆಂಟ್ ಮಾಡಿಕೊಂಡು ಕೈ ತೊಳೆದುಕೋ ಎಂಬುದು ಅವರ ಸಲಹೆ. ಆದರೆ ನಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ಮುಗಿಸಿದ್ದು) ಎಂದು ಒಮ್ಮೆ ಕೂತರೆ ಮುಂದೆ ಯಂತ್ರಕ್ಕೆ ಸಾಲ ಕೇಳಲು ಯಾವ ಮುಖ ಇಟ್ಟುಕೊಂಡು ಬ್ಯಾಂಕಿಗೆ ಹೋಗಬೇಕು? ಇದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ಸಲಹೆಗಾರರ ಮಾತಿಗೆ ಎರಡು ಬ್ಯಾಂಕುಗಳು ಒಪ್ಪಿ, 3.2 ಲಕ್ಷವನ್ನು ವರ್ಷಕ್ಕೆ ಶೇ 18ರ ಆಸುಪಾಸಿನ ಬಡ್ಡಿಯಲ್ಲಿ ಮೂವತ್ತಾರು ಕಂತುಗಳಾಗಿ ಮಾಡಿಕೊಟ್ಟವು. ಎರಡೂ ಸೇರಿ ತಿಂಗಳಿಗೆ ಹನ್ನೊಂದೂವರೆ ಸಾವಿರ. ಮೂರನೆಯ ಬ್ಯಾಂಕು ಒಂದು ಲಕ್ಷದ ಬಾಕಿಯ ಮೇಲೆ ಒಂದು ಪೈಸೆಯ ಬಡ್ಡಿಯನ್ನೂ ಇಳಿಸಲಿಲ್ಲ. ಬಾಕಿಯನ್ನು ಬೇರೊಂದು ಕಾರ್ಡಿಗೆ ವರ್ಗಾಯಿಸಲು ಹೋದರೆ ಅರ್ಜಿಯೇ ತಿರಸ್ಕೃತವಾಯಿತು. ಆ ಮೂರನೆಯ ಬ್ಯಾಂಕಿನವರೇ ಮುಂದಿಟ್ಟ ಕಂತಿನ ಯೋಜನೆಯ ಶುಲ್ಕ ಮತ್ತು ಬಡ್ಡಿ ಕೂಡಿಸಿದರೆ ಉಳಿತಾಯ ಹೆಸರಿಗಷ್ಟೇ ಇತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಇದು. ಕಾರ್ಡಿನ ಬಡ್ಡಿ ದಿನದ ಬಾಕಿಯ ಮೇಲೆ ಬೀಳುವುದರಿಂದ, ಕೊನೆಯ ದಿನಾಂಕಕ್ಕೆ ಕಾಯದೆ, ವ್ಯಾಪಾರಿಗಳಿಂದ ದುಡ್ಡು ಬಂದ ಸಂಜೆಯೇ ಸಾವಿರವೋ ಎರಡು ಸಾವಿರವೋ ಕಟ್ಟುತ್ತ ಈ ಮೂರನೆಯ ಕಾರ್ಡಿಗೆ ತಿಂಗಳಿಗೆ ಹನ್ನೆರಡು ಸಾವಿರ ಮುಟ್ಟಿಸತೊಡಗಿದೆ. ಬಡ್ಡಿಯಲ್ಲಿ ಉಳಿದದ್ದು ತಿಂಗಳಿಗೆ ಇನ್ನೂರು ಮುನ್ನೂರು ಮಾತ್ರ, ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ನಿಜವಾದ ಲಾಭವೆಂದರೆ, ಆ ದುಡ್ಡು ಗಲ್ಲಾದಲ್ಲಿ ಉಳಿಯದೆ ಇದ್ದುದರಿಂದ ದಾರ, ಜಿಪ್ಪು, ಗುಂಡಿಗಳ ಪಾಲಾಗಲಿಲ್ಲ. ಜೊತೆಗೆ, ಬಿಲ್ಲಿಂಗ್ ದಿನಾಂಕವನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿದೆ. ನಮ್ಮ ವ್ಯಾಪಾರಿಗಳು ದುಡ್ಡು ಬಿಡುವ ವಾರಕ್ಕೆ ಅದನ್ನು ಹೊಂದಿಸಿಕೊಂಡೆ. ಹಳೆಯ ವಿಳಂಬ ಶುಲ್ಕಗಳಲ್ಲಿ ಬಹುಪಾಲನ್ನು ಪತ್ರ ಬರೆದು ಮನ್ನಾ ಮಾಡಿಸಿಕೊಂಡೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಮನೆಯವಳ ಒಪ್ಪಿಗೆ ಪಡೆದು ಅವಳ ಸರವನ್ನು ತಿಂಗಳಿಗೆ ಸುಮಾರು ಶೇ 1ರ ಬಡ್ಡಿಗೆ ಅಡವಿಟ್ಟು, ಬಂದ ನಲವತ್ತು ಸಾವಿರವನ್ನು ಅದೇ ಕಾರ್ಡಿಗೆ ಕಟ್ಟಿದೆ. ಹೊಸ ಸಾಲ ಮಾಡಬಾರದೆಂಬುದು ಕಾರ್ಯಕ್ರಮದ ಷರತ್ತು, ಹಾಗಾಗಿ ಸಲಹೆಗಾರರು ಸಿಟ್ಟಾದರು. ಜಿಎಸ್‌ಟಿ ಸೇರಿ ಶೇ 4 ದಾಟುವ ಸಾಲವನ್ನು ಶೇ 1ರ ಸಾಲಕ್ಕೆ ಬದಲಿಸಿದ್ದೇನೆ, ಹೆಚ್ಚಿಸಿಲ್ಲ ಎಂದು ಲೆಕ್ಕ ತೋರಿಸಿದ ಮೇಲೆ ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. ಕಾರ್ಡು ಅರ್ಧ ವರ್ಷದಲ್ಲಿ ತೀರಿತು, ಮತ್ತೆ ನಾಲ್ಕೈದು ತಿಂಗಳಿಗೆ ಸರವೂ ಮನೆಗೆ ಬಂತು. ಕೈ ತೀರಾ ಬಿಗಿಯಾಗಿರುವವರಿಗೆ ಇದನ್ನು ಹೇಳುವುದಿಲ್ಲ, ಏಕೆಂದರೆ ಬಡ್ಡಿ ಕಟ್ಟದಿದ್ದರೆ ಬಂಗಾರ ಹರಾಜಿಗೆ ಹೋಗುತ್ತದೆ.

ಬಿಡುವಾದ ಹನ್ನೆರಡು ಸಾವಿರವನ್ನು ಕೂಡಿಸಿಟ್ಟು, ಎರಡು ಬ್ಯಾಂಕುಗಳ ಕಂತಿನ ಸಾಲಗಳಲ್ಲಿ ಸಣ್ಣದನ್ನು ಮೊದಲು ಅವಧಿಗೆ ಮುನ್ನವೇ ಮುಗಿಸಿದೆ. ಅದಕ್ಕೆ ಶೇ 3ರ ಶುಲ್ಕ ಮತ್ತು ಜಿಎಸ್‌ಟಿ ಎಂದು ಎರಡು ಸಾವಿರ ಚಿಲ್ಲರೆ ಹೋಯಿತು, ಉಳಿದ ಬಡ್ಡಿ ಹದಿಮೂರು ಸಾವಿರದಷ್ಟು ತಪ್ಪಿತು. ದೊಡ್ಡದೂ ಹೀಗೆಯೇ, ಒಟ್ಟು ಎರಡು ವರ್ಷದೊಳಗೆ ಮುಗಿಯಿತು.

ಮೂರನೆಯ ಕಾರ್ಡಿನ ಪೂರ್ತಿ ಬಾಕಿ ಕಟ್ಟಿದ ಮೇಲೂ ಮರುತಿಂಗಳು ಐದಾರು ನೂರರ ಬಿಲ್ಲು ಬಂದಿತ್ತು. ಬಿಲ್ಲಿನ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಇದನ್ನು ಗಮನಿಸದೆ ಬಿಟ್ಟವರ ಖಾತೆ ಮತ್ತೆ ಬಾಕಿಯಾಗುತ್ತದೆ. ಅದನ್ನು ಕಟ್ಟಿ, ಕಾರ್ಡು ಮುಚ್ಚಲು ಲಿಖಿತವಾಗಿ ಕೇಳಿದೆ. ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ದಂಡ ತೆರಬೇಕೆಂದು ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನಗಳಲ್ಲಿರುವುದನ್ನು ಪತ್ರದಲ್ಲಿ ಸೇರಿಸಿದ್ದೆ, ಗಡುವಿನೊಳಗೆ ಮುಚ್ಚಿದರು. ಬಾಕಿ ಇಲ್ಲವೆಂಬ ಪತ್ರ ಮೂರೂ ಕಡೆಯಿಂದ ಕೈಸೇರಿದೆ, ಸಿಬಿಲ್‌ನಲ್ಲಿ ಮೂರೂ ‘ಕ್ಲೋಸ್ಡ್’ ಎಂದಿವೆ, ಅಂಕ ಐನೂರ ಎಂಬತ್ತರ ಆಸುಪಾಸಿನಿಂದ ಏಳುನೂರು ದಾಟಿದೆ. ಓವರ್‌ಲಾಕ್ ಯಂತ್ರಕ್ಕೆ ಸಾಲದ ಅರ್ಜಿ ಹಾಕಿದ್ದೇನೆ. ಜಾಮೀನಿಗೆ ಸಹಿ ಮಾಡಲು ಭಾವನವರೇ ಮುಂದೆ ಬಂದಿದ್ದಾರೆ.