ಹಳೇ ಎಂಜಿನ್‌ನ ಎಕ್ಸಾಸ್ಟ್ ವಾಲ್ವ್ ಸೀಟು ಸರಿಪಡಿಸಿದ್ದು

ನನ್ನ ಹಳೇ ಸಣ್ಣ ಕಾರಿನ ಎಕ್ಸಾಸ್ಟ್ ವಾಲ್ವ್‌ಗಳ (ಸುಟ್ಟ ಗ್ಯಾಸ್ ಹೊರಬಿಡುವ ಕವಾಟಗಳು) ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು, ಪದೇ ಪದೇ ಕಮ್ಮಿ ಆಗುತ್ತಿತ್ತು. ಎಂಜಿನ್ ಬಿಸಿಯಾದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಬಿದ್ದು ಮಿಸ್ಸಿಂಗ್ (ಆಗಾಗ ಉರಿ ತಪ್ಪುವುದು) ಶುರು. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ ಕಾರಣ ಕಂಡಿತು: ವಾಲ್ವ್‌ಗಳು ಮುಚ್ಚಿದಾಗ ತಾವು ಕೂರುವ ಸೀಟಿನೊಳಗೆ ಇಳಿದುಬಿಟ್ಟಿದ್ದವು. ಇದು ಸೀಸ ಬೆರೆಸಿದ ಪೆಟ್ರೋಲ್ ಕಾಲದ ಎರಕದ ಕಬ್ಬಿಣದ ಹೆಡ್. ಸೀಟು ಸವೆಯದಂತೆ ಕಾಯುತ್ತಿದ್ದದ್ದೇ ಆ ಸೀಸ. ಈಗಿನ ಪೆಟ್ರೋಲಲ್ಲಿ ಅದಿಲ್ಲ ಅಲ್ವಾ?

ಸುಮ್ನೆ ಲ್ಯಾಪಿಂಗ್ (ಪೇಸ್ಟ್ ಹಚ್ಚಿ ವಾಲ್ವ್ ಸೀಟಿಗೆ ಉಜ್ಜುವುದು) ಮಾಡಿದರೆ ವಾಲ್ವ್ ಮತ್ತೆ ಒಳಗೆ ಹೋಗುತ್ತದೆ. ಹಾಗಾಗಿ ಎಕ್ಸಾಸ್ಟ್ ಸೀಟುಗಳನ್ನು ಕೊರೆಸಿ ಗಟ್ಟಿ ಲೋಹದ ಸೀಟ್ ರಿಂಗ್ ಹಾಕಿಸಿದೆ. ರಿಂಗ್ ಗುಂಡಿಗಿಂತ ಕೂದಲೆಳೆಯಷ್ಟು ದೊಡ್ಡದಿರುತ್ತದೆ. ಅದನ್ನು ತಣ್ಣಗೆ ಮಾಡಿ, ಹೆಡ್ ಬಿಸಿ ಮಾಡಿ ಕೂರಿಸಿದರೆ ಬಿಗಿಯಾಗಿ ಹಿಡಿಯುತ್ತದೆ. ಸವೆದ ಗೈಡ್‌ಗಳನ್ನು (ವಾಲ್ವ್‌ನ ಕಡ್ಡಿ ಜಾರುವ ಕೊಳವೆಗಳು) ಅದಕ್ಕೂ ಮೊದಲೇ ಬದಲಿಸಲೇಬೇಕು. ಸೀಟು ಕೊರೆಯುವ ಕಟರ್‌ನ ಪೈಲಟ್ (ಅದನ್ನು ನೇರ ಹಿಡಿಯುವ ಕಂಬಿ) ನಿಲ್ಲುವುದೇ ಗೈಡ್‌ನಲ್ಲಿ. ಅದು ಅಲ್ಲಾಡಿದರೆ ಸೀಟು ಓರೆಯಾಗುತ್ತದೆ.

ಸೀಟಿಗೆ 30, 45, 60 ಡಿಗ್ರಿಯ ಮೂರು ಕೋನ. ವಾಲ್ವ್ ಕೂರುವುದು 45ರ ಮೇಲೆ. ಆ ಪಟ್ಟಿಯನ್ನು ಸುಮಾರು 1.5 ಮಿ.ಮೀ. ಇಟ್ಟೆ. ತೀರಾ ಕಿರಿದಾದರೆ ವಾಲ್ವ್‌ನ ಬಿಸಿ ಹೆಡ್‌ಗೆ ಸಾಗುವುದಿಲ್ಲ.

ಹೆಡ್ ಮುಖವನ್ನು ಸಮ ಮಾಡಲು ಬೇಕಾದಷ್ಟೇ ಸ್ಕಿಮ್ ಮಾಡಿಸಿದೆ, ಅಂದರೆ ತೆಳುವಾಗಿ ಹೆರೆಸಿದೆ. ಜಾಸ್ತಿ ತೆಗೆದರೆ ಕಂಪ್ರೆಷನ್ ಏರಿ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಬಡಿಯುವ ಸದ್ದು) ಬರಬಹುದು. ಬ್ಯೂರೆಟ್‌ನಿಂದ (ಅಳತೆ ಗುರುತಿನ ಗಾಜಿನ ಕೊಳವೆ) ಎಣ್ಣೆ ಬಿಟ್ಟು, ಹೆಡ್‌ನಲ್ಲಿ ಪೆಟ್ರೋಲ್ ಉರಿಯುವ ಚೇಂಬರ್‌ಗಳನ್ನು ಅಳೆದು, ನಾಲ್ಕನ್ನೂ ಸಮ ಮಾಡಿದೆ. ಈಗ ಗ್ಯಾಪ್ ಹಾಗೇ ನಿಂತಿದೆ, ಬಿಸಿಯಲ್ಲೂ ಐಡ್ಲಿಂಗ್ ಸರಾಗ.