ಪರೇಲಕ್ಕ ಬಾಯಿ ಕ್ಯಾನ್ಸರ್ ಕೀಮೋಕ್ಕ ಕರ್ಕೊಂಡು ಬರೋರಿಗೆ: ಔಷಧದ ಹೆಸರು ತಿಳ್ಕೋರಿ, ಬರ್ದಿಡ್ರಿ

ಕಲಬುರಗಿ, ವಿಜಯಪುರ ಕಡಿಂದ ಬಾಯಿ, ಗಂಟಲ ಕ್ಯಾನ್ಸರ್ ಆದೋರನ್ನ ಕರ್ಕೊಂಡು ಮುಂಬೈಗೆ, ಪರೇಲದ ಟಾಟಾ ಆಸ್ಪತ್ರಿಗೆ ಬರೋ ಮಂದಿ ಭಾಳ ಅದಾರ. ನಮ್ಮ ಕಾಕಾಗ ಗಲ್ಲದಾಗಿನ ಗಡ್ಡಿ ಕುತ್ತಿಗಿಗೂ ಇಳಿದಿತ್ತು, ನಾ ಡೊಂಬಿವ್ಲಿಯಿಂದ ಲೋಕಲ್ ಹಿಡ್ದು ಹೋಗಿಬಂದು ನೋಡ್ಕೊಂಡೀನಿ. ಕಾಕಾಗ ಹಿಂದಿ, ಮರಾಠಿ ಬರಂಗಿಲ್ಲ, ಅವರ ಮೈಯಾಗ ಆಗೋದನ್ನ ಡಾಕ್ಟರಿಗೆ ಮುಟ್ಟಿಸೋದು ನಮ್ಮ ಕೆಲಸ. ಅದಕ್ಕ ಮೊದಲ ಒಂದು ನೋಟ್‌ಬುಕ್ ತಗೋರಿ, ಯಾವ ತಾರೀಖು ಯಾವ ಔಷಧ ಎಷ್ಟು ಎಂಜಿ ಕೊಟ್ರು, ಆಮ್ಯಾಲ ಏನಾತು ಅಂತ ದಿನಾ ಬರೀರಿ. ಎತ್ತರ ತೂಕದಿಂದ ಮೈಯ ಅಳತಿ ಚದರ ಮೀಟರಿನಾಗ ತಗದು ಡೋಸ್ ಲೆಕ್ಕ ಹಾಕ್ತಾರ, ತೂಕ ಇಳಿದಿದ್ರ ಅದನ್ನೂ ಹೇಳ್ರಿ.

ರೇಡಿಯೇಷನ್ ಜೋಡಿ ಹೆಚ್ಚಾಗಿ ಕೊಡೋದು ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧ. ಮೈಯ ಒಂದು ಚದರ ಮೀಟರಿಗೆ 100 ಎಂಜಿಯಂಗ ಮೂರು ವಾರಕ್ಕೊಮ್ಮೆ, ಇಲ್ಲಾಂದ್ರ 30-40 ಎಂಜಿಯಂಗ ವಾರವಾರ. ಇದು ಕಿಡ್ನಿಗೆ ಹೊಡೀತದ, ಅದಕ್ಕ ಮುಂದ ಹಿಂದ ಸಲೈನ್ ಹಚ್ತಾರ, ಮನಿಗೆ ಬಂದಮ್ಯಾಲೂ ನೀರು, ಮಜ್ಜಿಗಿ ಹೋಗ್ತಿರಬೇಕು, ಉಚ್ಚಿ ಕಮ್ಮಿ ಆದ್ರ ಸುಮ್ಮನ ಕೂಡಬ್ಯಾಡ್ರಿ. ಮೈಕೈ ನೋವಂತ ನಿಮ್ಮಷ್ಟಕ್ಕ ನೀವ ಡೈಕ್ಲೋಫೆನಾಕ್ ಕೊಡಬ್ಯಾಡ್ರಿ, ಅದೂ ಕಿಡ್ನಿಗೆ ಭಾರ. ವಾಂತಿ ಅವತ್ತ ಬರ್ಲಿಲ್ಲಂದ್ರ ಮುಗೀತು ಅನ್ಕೋಬ್ಯಾಡ್ರಿ, ನಾಲ್ಕೈದು ದಿನದ ತನಕ ಬರ್ತದ. ವಾಂತಿಗೆ ಕೆಲವೊಮ್ಮೆ ಓಲಾಂಜಪಿನ್ ಬರ್ದಿರ್ತಾರ, ಅಂಗಡ್ಯಾಂವ ಇದು ತಲಿ ಕೆಟ್ಟೋರ ಗುಳಿಗಿ ಅಂದ ಅಂತ ಬಿಡಬ್ಯಾಡ್ರಿ, ವಾಂತಿ ತಡಿಯೋಕೂ ಅದನ್ನ ಕೊಡ್ತಾರ.

ಎರಡನೇ ಡೋಸ್ ಆದಮ್ಯಾಲ ಒಂದಿನ ಕಾಕಾ ಊಟದ ಮುಂದ ಕೂತು "ಕಿವ್ಯಾಗ ಜೀರುಂಡಿ ಕೂಗ್ಲಿಕತ್ತದ" ಅಂದ್ರು. ಹೊರಗ ಜೀರುಂಡಿ ಇರ್ಬೇಕಂತ ನಾವು ಬಿಟ್ಟಿದ್ದರ ತಪ್ಪಾಗ್ತಿತ್ತು, ಯಾಕಂದ್ರ ಸಿಸ್‌ಪ್ಲಾಟಿನ್‌ದಿಂದ ಕಿವಿ ಹೋಗ್ತದ, ಹೋದ್ರ ವಾಪಸ್ ಬರೋದು ಕಷ್ಟ. ಡಾಕ್ಟರ್ ಮುಂದ "ಕಾನ್ ಮೇ ಸೀಟಿ ಬಜ್ ರಹೀ ಹೈ" ಅಂದೆ, ಕಿವಿ ಟೆಸ್ಟ್ ಮಾಡ್ಸಿ ಔಷಧ ಬದಲ್ ಮಾಡಿದ್ರು, ವಾರಕ್ಕೊಮ್ಮೆ ಡೋಸಿಟಾಕ್ಸೆಲ್. ಸಿಸ್‌ಪ್ಲಾಟಿನ್ ತಡ್ಕೊಳ್ಳಾರ್ದೋರಿಗೆ ರೇಡಿಯೇಷನ್ ಜೋಡಿ ಇದನ್ನ ಚದರ ಮೀಟರಿಗೆ 15 ಎಂಜಿ ಲೆಕ್ಕದಾಗ ಕೊಟ್ಟು ಉಪಯೋಗ ಆಗ್ತದಂತ ತೋರ್ಸಿದ್ದು ಟಾಟಾದವರ ಸ್ಟಡಿನೇ, 2023ರಾಗ ಬಂತು. ಪ್ಯಾಕ್ಲಿಟಾಕ್ಸೆಲ್ ಇದ್ರ ಕೈಕಾಲು ಜೋಮು ಹಿಡೀತದ, "ಸುನ್ನ್ ಹೋ ರಹಾ ಹೈ" ಅನ್ರಿ. 5-ಎಫ್‌ಯು ಅನ್ನೋ ಕೀಮೋ ಇದ್ರ ಬಾಯಿ ಹುಣ್ಣು, ಭೇದಿ ಆಗ್ತದ.

ಯಾವ ಕೀಮೋನೇ ಇರ್ಲಿ, ಜ್ವರ 100.4 ದಾಟ್ತಂದ್ರ ರಾತ್ರಿ ಎರಡಾದ್ರೂ ಕ್ಯಾಶುವಾಲ್ಟಿಗೆ ಹೋಗ್ರಿ. ಬಿಳಿ ರಕ್ತಕಣ ಬಿದ್ದಾಗ ಬರೋ ಜ್ವರ ಜೀವಾನೇ ತಗೀತದ, ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನ ತನಕ ಕಾಯಬ್ಯಾಡ್ರಿ. ಥರ್ಮಾಮೀಟರ್ ಧರ್ಮಶಾಲಾದ ರೂಮಿನಾಗ ಇರ್ಲೇಬೇಕು.

ಆಪರೇಷನ್ ಆಗಲಾರದಷ್ಟು ಬೆಳೆದಿದ್ರ, ಇಲ್ಲಾ ತಿರುಗಿ ಬಂದಿದ್ರ, ಗುಳಿಗಿ ಕೀಮೋ ಕೊಡ್ತಾರ, ಮೆಟ್ರೋನೋಮಿಕ್ ಅಂತಾರ. ಮೆಥೋಟ್ರೆಕ್ಸೇಟ್ ಜೋಡಿ ಸೆಲೆಕಾಕ್ಸಿಬ್, ಕೆಲವ್ರಿಗೆ ಎರ್ಲೋಟಿನಿಬ್‌ನೂ. ಸಸ್ತಾ ಅದ, ಆಸ್ಪತ್ರ್ಯಾಗ ಅಡ್ಮಿಟ್ ಆಗೋದು ಬ್ಯಾಡ, ಊರಾಗ ಇದ್ದು ತಗೋಬಹುದು, ಅಗ್ಗ ಅಂದ್ರ ಕೈಬಿಟ್ರು ಅಂತಲ್ಲ, ಟಾಟಾದಾಗ ಸಿಸ್‌ಪ್ಲಾಟಿನ್ ಜೋಡಿ ಹೋಲ್ಸಿ ನೋಡ್ದಾಗ ಗುಳಿಗಿನೇ ಮುಂದಿತ್ತು. ಇದ್ರ ಜೋಡಿ ನಿವೋಲುಮಾಬ್ (ಕ್ಯಾನ್ಸರ್ ಜೋಡಿ ಹೋರಾಡೋ ಮೈಯ ಶಕ್ತಿ ಎಬ್ಬಿಸೋ ಇಂಜೆಕ್ಷನ್) ಬರೇ 20 ಎಂಜಿ ಮೂರು ವಾರಕ್ಕೊಮ್ಮೆ ಕೊಟ್ಟಾಗ ಒಂದು ವರ್ಷ ಬದುಕಿದೋರು ನೂರಕ್ಕ 16ರಿಂದ 43ಕ್ಕ ಏರಿದ್ರು, ಅದನ್ನೂ ಕೇಳಿ ನೋಡ್ರಿ.

ಆದ್ರ ಕೈಮುಗಿದು ಹೇಳ್ತೀನಿ, ಮೆಥೋಟ್ರೆಕ್ಸೇಟ್ ವಾರಕ್ಕ ಒಂದ ದಿನ, ದಿನಾ ಅಲ್ಲ. ಉಳಿದ ಗುಳಿಗಿ ದಿನಾ ಇರ್ತಾವ, ಅಲ್ಲೇ ಎಡವಟ್ಟಾಗೋದು. ಕಾಕಾಗೂ ಆಮ್ಯಾಲ ಈ ಗುಳಿಗಿ ಹಚ್ಚಿದ್ರು, ಊರಾಗ ಕಾಕು ಸೋಮವಾರ ಕೊಟ್ಟು ಮಂಗಳವಾರನೂ ಕೊಟ್ಟಿದ್ರು, ಫೋನ್‌ನಾಗ ಗೊತ್ತಾಗಿ ಅವತ್ತ ಆಸ್ಪತ್ರಿಗೆ ಓಡ್ಸಿ ರಕ್ತ ಟೆಸ್ಟ್ ಮಾಡ್ಸಿ ಮೆಥೋಟ್ರೆಕ್ಸೇಟ್ ವಿಷ ಇಳಿಸೋ ಲ್ಯುಕೋವೊರಿನ್ ಕೊಡಿಸ್ದ್ವಿ, ತಡ ಆಗಿದ್ರ ಬಾಯಿಯೆಲ್ಲ ಹುಣ್ಣಾಗಿ ರಕ್ತಕಣ ಕಮ್ಮಿ ಆಗಿಬಿಡ್ತಿದ್ವು. ಕೊಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯಾಟಿಕ್‌ನೂ ಇದ್ರ ಜೋಡಿ ಕೂಡ್ಸಬಾರ್ದು, ಊರ ಡಾಕ್ಟರಿಗೆ ಮೊದಲ ಹೇಳ್ರಿ. ಈಗ ಮೆಥೋಟ್ರೆಕ್ಸೇಟ್ ಗುಳಿಗಿ ಬ್ಯಾರೇ ಡಬ್ಯಾಗ ಇಟ್ಟು ಮ್ಯಾಲ ದೊಡ್ಡದಾಗಿ "ಸೋಮವಾರ" ಅಂತ ಬರ್ದೀವಿ, ನುಂಗಿದ ಕೂಡ್ಲೇ ಕಾಕು ಕ್ಯಾಲೆಂಡರ್ ಮ್ಯಾಲ ಕುಂಕುಮದ ಬೊಟ್ಟು ಇಡ್ತಾರ.