ಫಾರ್ವರ್ಡ್ ಆಗಿ ಬಂದ ವಿಡಿಯೊ, ರಜೆ ಆದೇಶ, ಲಿಂಕ್: ಮೂಲ ಪತ್ತೆ ಮಾಡುವುದು ಹೇಗೆ?

2018ರಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ; ನಿಜವಾದ ಅಪಹರಣವೆಂದೇ ಜನ ನಂಬಿದರು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಸವಾರರು ಮಗುವನ್ನು ವಾಪಸು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಜನ ಹೊಡೆದು ಕೊಂದರು.

ಆ ವಿಡಿಯೊವನ್ನು ನೂರು ಸಲ ನೋಡಿದ್ದರೂ ಸುಳ್ಳು ಹಿಡಿಯಲು ಆಗುತ್ತಿರಲಿಲ್ಲ. ಕಣ್ಣಿಗೆ ಕಂಡದ್ದರಲ್ಲಿ ತಪ್ಪಿರಲಿಲ್ಲ. ಊರು, ಕಾಲ, ಕೊನೆ ಮೂರೂ ಮಾಯವಾಗಿದ್ದವು. ಹಾಗಾಗಿ ಸಂದೇಶವನ್ನೇ ದಿಟ್ಟಿಸುತ್ತ ಕೂರಬೇಡಿ. ಅದನ್ನು ಬಿಟ್ಟು ಹೊರಗೆ ಬಂದು, ಅದು ಎಲ್ಲಿಂದ ಹೊರಟಿತು ಎಂದು ಹುಡುಕಿ.

ವಿಡಿಯೊ ಆದರೆ ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖಗಳಿಗಿಂತ ಅಂಗಡಿ ಬೋರ್ಡು, ಬಸ್ಸಿನ ಬಣ್ಣ, ವಾಹನದ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ ಕಾಣುವ ಕ್ಷಣಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮೇಲೆ ಕೆಳಗೆ ಅಂಟಿಸಿರುವ ಬರಹದ ಪಟ್ಟಿಯನ್ನು ಕ್ರಾಪ್ ಮಾಡಿ ತೆಗೆದುಬಿಡಿ. ಇದನ್ನು ಮರೆತರೆ ಹುಡುಕಾಟ ಆ ಬರಹದ ಹಿಂದೆಯೇ ಹೋಗಿ, ಅದೇ ಸುಳ್ಳು ಪೋಸ್ಟುಗಳನ್ನು ತಂದು ಮುಂದಿಡಬಹುದು. ನಂತರ ಗೂಗಲ್ ಆ್ಯಪ್‌ನ ಹುಡುಕು ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿ, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಆ ಸ್ಕ್ರೀನ್‌ಶಾಟ್ ಕೊಡಿ. ಇದೇ ಕೆಲಸ ಮಾಡುವ ಟಿನ್‌ಐ (TinEye) ಜಾಲತಾಣದಲ್ಲೂ ಹಾಕಿ; ಅಲ್ಲಿ ಫಲಿತಾಂಶವನ್ನು ಹಳೆಯದರಿಂದ ಜೋಡಿಸಿ ನೋಡಬಹುದು. ‘ನಿನ್ನೆ ನಡೆದದ್ದು’ ಎನ್ನುವ ಚಿತ್ರ ಐದು ವರ್ಷದ ಹಿಂದೆಯೇ ಪ್ರಕಟವಾಗಿದ್ದರೆ ಅಲ್ಲಿಗೆ ವಿಷಯ ಮುಗಿಯಿತು.

ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಹುಡುಕಿ. ಪತ್ತೆ ತಪ್ಪಿಸಲು ಕನ್ನಡಿಯ ಬಿಂಬದಂತೆ ತಿರುಗಿಸಿ ಕಳಿಸುವವರಿದ್ದಾರೆ. ಬೋರ್ಡಿನ ಅಕ್ಷರ ಉಲ್ಟಾ ಕಂಡರೆ ಅದೇ ಕಾರಣ. ಆಗಲೂ ಸಿಗದಿದ್ದರೆ ಅದು ನಿಜವೆಂದು ಅರ್ಥವಲ್ಲ, ಇನ್ನೂ ಗೊತ್ತಾಗಿಲ್ಲ ಎಂದಷ್ಟೇ. ಫೋಟೊ ತೆಗೆದ ದಿನಾಂಕವನ್ನು ಫೈಲಿನ ವಿವರದಲ್ಲಿ ಹುಡುಕಿ ಪ್ರಯೋಜನವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಆ ಮಾಹಿತಿ ಅಳಿಸಿಹೋಗಿರುತ್ತದೆ, ಫೋನ್ ತೋರಿಸುವುದು ನಿಮಗೆ ತಲುಪಿದ ದಿನವನ್ನು.

ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರಗಳನ್ನು ಕೈಬೆರಳು ಹೆಚ್ಚು ಕಡಿಮೆ ಇವೆಯೇ ಎಂದು ಎಣಿಸಿ ಹಿಡಿಯುವ ಕಾಲ ಹೋಯಿತು. ಕನ್ನಡದ ಬೋರ್ಡುಗಳಲ್ಲಿ ಒತ್ತಕ್ಷರ ವಿಕಾರವಾಗಿದೆಯೇ ನೋಡಿ. ಆದರೆ ಇದೂ ದಿನೇ ದಿನೇ ಸುಧಾರಿಸುತ್ತಿದೆ, ಇದೊಂದನ್ನೇ ನಂಬಬೇಡಿ. ಧ್ವನಿ ಸಂದೇಶಕ್ಕಂತೂ ಹೀಗೆ ಮೂಲ ಹುಡುಕುವ ಸುಲಭ ದಾರಿಯಿಲ್ಲ. ಮಾತಾಡುವವರು ತಮ್ಮ ಹೆಸರು, ಊರು, ದಿನಾಂಕ ಹೇಳದಿದ್ದರೆ ಅಲ್ಲಿಗೇ ಬಿಡಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಪೋಷಕರನ್ನು ಕಾಡುವುದು ನಕಲಿ ರಜೆ ಆದೇಶ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವುದೇ ಇದರ ಸುಲಭದ ದಾರಿ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ. ತಿದ್ದಿದ ಅಂಕಿಗಳ ದಪ್ಪ ಉಳಿದ ಅಕ್ಷರಗಳಿಗಿಂತ ಬೇರೆ ಇರಬಹುದು. ಮೇಲ್ಭಾಗದ ಕಡತ ಸಂಖ್ಯೆಯಲ್ಲಿ ಹಳೆಯ ಇಸವಿ ಹಾಗೇ ಉಳಿದಿರಬಹುದು, ಸಹಿಯ ಕೆಳಗೆ ವರ್ಗವಾಗಿ ಹೋದ ಜಿಲ್ಲಾಧಿಕಾರಿಯ ಹೆಸರಿರಬಹುದು. ಆಮೇಲೆ ಜಿಲ್ಲಾಡಳಿತದ ಜಾಲತಾಣದಿಂದಲೇ ಜಿಲ್ಲಾಧಿಕಾರಿಯ ಅಧಿಕೃತ ಸಾಮಾಜಿಕ ಮಾಧ್ಯಮ ಪುಟಕ್ಕೆ ಹೋಗಿ ನೋಡಿ, ಇಲ್ಲವೇ ಶಾಲೆಗೆ ಫೋನ್ ಮಾಡಿ. ಖಾತೆಯ ಹೆಸರಿನ ಪಕ್ಕದ ನೀಲಿ ಟಿಕ್ ನೋಡಿ ನಂಬಬೇಡಿ; ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಅದು ದುಡ್ಡು ಕೊಟ್ಟರೆ ಸಿಗುತ್ತದೆ.

‘ಉಚಿತ ಲ್ಯಾಪ್‌ಟಾಪ್, ಅರ್ಜಿ ಹಾಕಿ’ ಎಂಬ ಲಿಂಕ್ ಬಂದರೆ ಒತ್ತುವ ಮೊದಲು ವಿಳಾಸ ಓದಿ. ಆರಂಭದ ಎರಡು ಓರೆಗೆರೆ (//) ಬಿಟ್ಟು ಮುಂದಿನ ಮೊದಲ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಅಲ್ಲಿ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಇದ್ದರೆ ಸರ್ಕಾರದ್ದು. ಅದೇ ಹೆಸರಿನ ಬಾಲಕ್ಕೆ ‘ಡಾಟ್ ಎಕ್ಸ್‌ವೈಝಡ್’ ಅಂಟಿಕೊಂಡಿದ್ದರೆ ಅದು ಬೇರೆ ಯಾರದೋ ತಾಣ, ಮುಂದಿರುವ ಹೆಸರು ಬರೀ ವೇಷ. ಹತ್ತು ಜನಕ್ಕೆ ಕಳಿಸಿದರೆ ಮಾತ್ರ ಅರ್ಜಿ ಪೂರ್ತಿಯಾಗುತ್ತದೆ ಎನ್ನುವ ಸರ್ಕಾರಿ ಯೋಜನೆ ಯಾವುದೂ ಇಲ್ಲ.

‘ಹತ್ತು ಕಡೆ ಬಂದಿದೆ, ಸುಳ್ಳಾಗಲು ಸಾಧ್ಯವೇ?’ ಎನ್ನುವವರು ಬಹಳ. ಆ ಹತ್ತೂ ಸುದ್ದಿಗಳ ಮೊದಲ ಸಾಲು ಓದಿ ನೋಡಿ. ವಾಕ್ಯಗಳು ಒಂದೇ ಇದ್ದರೆ ಎಲ್ಲವೂ ಒಬ್ಬರದೇ ನಕಲು, ಲೆಕ್ಕಕ್ಕೆ ಒಂದೇ ಮೂಲ. ಸ್ಥಳಕ್ಕೆ ಹೋದ ವರದಿಗಾರರು, ಹೆಸರು ಹೇಳಿ ಮಾತಾಡಿದ ಅಧಿಕಾರಿ, ಎಫ್‌ಐಆರ್ ದಾಖಲಾದ ಠಾಣೆ ಇಂಥವು ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿ ಸಿಕ್ಕರೆ ನಂಬಿಕೆಗೆ ಬಲ ಬರುತ್ತದೆ. ಹೊಸ ಜಾಲತಾಣವಾದರೆ ಅದು ತನ್ನ ಬಗ್ಗೆ ಬರೆದುಕೊಂಡದ್ದಕ್ಕಿಂತ, ಬೇರೆಯವರು ಅದರ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕಿ.

ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹೊರಟಲ್ಲಿಂದ ಕನಿಷ್ಠ ಐದು ಕೈ ದಾಟಿದೆ ಎಂದರ್ಥ. ಕಾಪಿ ಮಾಡಿ ಅಂಟಿಸಿದರೆ ಗುರುತು ಬರುವುದಿಲ್ಲ, ಆದ್ದರಿಂದ ಬಾಣ ಇಲ್ಲದ್ದು ಸಾಚಾ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯ ಸತ್ಯಶೋಧನಾ ಘಟಕವಾದ ಪಿಐಬಿ ಫ್ಯಾಕ್ಟ್ ಚೆಕ್ ನೋಡುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಗಳನ್ನು ಮಾತ್ರ. ಉಳಿದವಕ್ಕೆ ಸುಳ್ಳು ಸುದ್ದಿ ಪರಿಶೀಲಿಸುವ ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ತಾಣಗಳ ಕನ್ನಡ ಪುಟಗಳಲ್ಲಿ ಹುಡುಕಬಹುದು.

ಸುಳ್ಳೆಂದು ಖಚಿತವಾದ ಮೇಲೆ, ಕಳಿಸಿದ ದೊಡ್ಡಪ್ಪನನ್ನೋ ಅತ್ತೆಯನ್ನೋ ಗುಂಪಿನಲ್ಲಿ ಎಲ್ಲರೆದುರು ತಿದ್ದಲು ಹೋದರೆ ಅವರು ಪಟ್ಟು ಹಿಡಿಯುತ್ತಾರೆ. ಅವರೊಬ್ಬರಿಗೇ ಫೋನ್ ಮಾಡಿ, ‘ಇದು ಇಂಥ ವರ್ಷದ್ದು, ಇಂಥ ಊರಿನದು’ ಎಂದು ಮೂಲದ ಲಿಂಕ್ ಕಳಿಸಿ, ಗುಂಪಿನಿಂದ ಅಳಿಸಲು ಅವರನ್ನೇ ಕೇಳಿಕೊಳ್ಳಿ. ‘ಎಲ್ಲರಿಗೂ ಅಳಿಸು’ ಆಯ್ಕೆ ಕಳಿಸಿದವರಿಗೆ ಎರಡು ದಿನ ಚಿಲ್ಲರೆ ಮಾತ್ರ ಸಿಗುತ್ತದೆ, ತಡಮಾಡಬೇಡಿ.